ಘಾಟು

ಸೋಮವಾರ, ಗುರುವಾರ
ಬ್ಯಾಡಗಿ ಸೀನತೈತಿ.
ಸೀನಾವ್ರು ಪರಸ್ಥಳದವ್ರು. ನಾವು
ಸೀನೂದು ಬಿಟ್ಟು ಎಷ್ಟೋ ವರ್ಷಾತು.
ನನ್ನ ಗ್ರಂಥಾಲಯಕ್ಕ ಕಿಟಕಿ ಎರಡು:
ಮಾರುಕಟ್ಟಿ ಕಡೇದು ಮುಚ್ಚೇ ಇರತೈತಿ,
ಇನ್ನೊಂದು ಸರಿಯಾಗಿ ಮುಚ್ಚೂದಿಲ್ಲ.

ಅಲ್ಲಿ ಅವರು ಕಾಯಿ ಆರಿಸ್ತಾರ,
ಡಬ್ಬಿ ಬ್ಯಾರೆ, ಕಡ್ಡಿ ಬ್ಯಾರೆ, ಬಿಳಿಗಾಯಿ ಬ್ಯಾರೆ.
ಇಲ್ಲಿ ನಾನು.
ಇಲಾಖೆ ಅಂಟಿಸಿದ ಸಂಖ್ಯೆ ಬೆನ್ನಮ್ಯಾಲೆ ಐತಿ, ಖರೆ,
ಬಂದವರು ಸಂಖ್ಯೆ ಕೇಳೂದಿಲ್ಲ.
"ದೊಡ್ಡಕ್ಷರ ಇರೂದು ಕೊಡ್ರಿ, ಕಣ್ಣು ಮಬ್ಬು."
"ಹೆಣ್ಮಗಳು ಕಡೀಕ ಸಾಯಬಾರದು, ಅಂಥಾದ್ದು."
ಹಮಾಲ ಇಮಾಮಸಾಬ ಮಾತ್ರ
ಒಂದ ಕೈಯಾಗ ಎತ್ತಿ ತೂಗತಾನ:
"ಇದು ಹಗುರ ಐತ್ರಿ. ಹೊತ್ತು ಹೋಗೂದಿಲ್ಲ."
ಅವಗ ಎರಡು ಸಂಪುಟದ್ದು ತಗದೆ,
ಮೊದಲನೇದು ಕಳದೈತಿ ಅಂತ ಹೇಳೇ ಕೊಟ್ಟೆ.
"ಇರ್ಲಿ ಬಿಡ್ರಿ ಅಕ್ಕಾರ,
ನಾನೂ ಈ ಊರಿಗೆ ನಡುವ ಬಂದಾಂವ."

ಪುಸ್ತಕದ್ದು ಅರ್ಧ ಕೆಲಸ.
ಇನ್ನರ್ಧ ಫಾರ್ಮು: ವಿಧವಾ ವೇತನ,
ರೇಷನ್ ಕಾರ್ಡಿನ್ಯಾಗ ತಪ್ಪಿದ ಹೆಸರು,
ಬೆರಳಚ್ಚು ಬೀಳದವರ ಅರ್ಜಿ.
ದಿನಾ ತುಂಬು ಬಿಡಿಸೂ ಬೆರಳಿಗೆ
ಗೆರಿ ಎಲ್ಲಿ ಉಳದಾವು?
ಯಂತ್ರ ಕೆಂಪು ದೀಪ ಹಚ್ಚಿ
ನೀ ನೀನಲ್ಲ ಅಂತೈತಿ.

ಫಕ್ಕೀರವ್ವ ಹಂಗ ಬಂದಾಕಿ.
ನಾಕನೇ ಸಲಾನೂ ಯಂತ್ರ ಒಲ್ಲೆ ಅಂದ ಮ್ಯಾಲೆ
ಫ್ಯಾನಿನ ಕೆಳಗ ಕುಂತು,
ಉರಿಯೂ ಕೈ ಉಡಿಯಾಗ ಇಟಗೊಂಡು
ಕಪಾಟು ನೋಡಿದಳು.
"ಐದನೆತ್ತ ತನಕ ಕಲತೇನ್ರಿ.
ಈಗ ಬರತೈತೋ ಇಲ್ಲೋ."
ಸಾಲಿ ಹುಡುಗ್ರದು ಕೊಟ್ರ ಸಣ್ಣಾಕಿ ಮಾಡಿದಂಗ.
ದಪ್ಪಂದು ಕೊಟ್ರ ಹೊಳ್ಳಿ ಬರೂದಿಲ್ಲ.
ಭಾಳ ಹೊತ್ತು ನಿಂತೆ.
ಹಸಿರು ರಟ್ಟಿನದು ತಗದೆ,
ದೋಣಿ ನಡಸೂ ಒಬ್ಬಾಕಿ ಕತಿ.
ಬ್ಯಾಡಗಿಯಾಗ ದೋಣಿ ಕಂಡವರಿಲ್ಲ,
ಅದಕ್ಕ.

ಗಡುವು ಹದಿನೈದು ದಿನ.
ಎರಡು ತಿಂಗಳಾತು. ನಾನು ಕೇಳಲಿಲ್ಲ.
ಆಕೀನ ತಂದಳು, ಹಾಲಿನ ಪಾಕೀಟು ಬಿಚ್ಚಿ
ಹೊಲದ ಚೀಲದಾಗ ಸುತಗೊಂಡು.
"ರಾತ್ರಿ ಒಂದೊಂದ ಹಾಳಿ ಓದಿದೆ.
ಕೈ ತೊಳಕೊಂಡ ಮುಟ್ಟೇನ್ರಿ, ಆದರ ಇದು
ತೊಳದ್ರ ಹೋಗೂ ಪೈಕಿ ಅಲ್ಲ."
ಮತ್ತ ಬಾಗಲದಾಗ ನಿಂತು,
"ನೀರಿಂದ ಇನ್ನೊಂದು ಐತೇನ್ರಿ?"

ಮಾಲತೇಶ ಪರೀಕ್ಷಾದ ಹುಡುಗ.
ಮೂರು ವರ್ಷದಿಂದ ಅದ ಕುರ್ಚಿ, ಅದ ಗೋಡಿ,
ಪ್ರಚಲಿತ ಘಟನೆ ಬಿಟ್ಟು ಬ್ಯಾರೆ ಮುಟ್ಟಿದಾಂವಲ್ಲ.
ಕರೆಂಟ್ ಹೋದ ಒಂದು ಸಂಜೀಕ
ಕಿಟಕಿ ಬೆಳಕಿಗೆ ಆ ಹಸಿರು ಪುಸ್ತಕ ಹಿಡಿದಿದ್ದ.
ನಲವತ್ತಾರನೇ ಪುಟಕ್ಕ
ಕಣ್ಣು ಉಜ್ಜಾಕತ್ತಿದ. ಮತ್ತ ಉಜ್ಜಿದ.
"ಏನಾತೋ?"
"ಏನಿಲ್ರಿ ಅಕ್ಕಾರ. ಸುಮ್ನ ನೀರ ಬರಾಕತ್ತಾವು."
ನಳದಾಗ ಮಾರಿ ತೊಳಕೊಂಡು ಬಂದು
ನಿಂತಲ್ಲೇ ಓದಿದ, ಕರೆಂಟ್ ಬಂದದ್ದೂ ತಿಳೀಲಿಲ್ಲ.
ಖಾರ ಅಂತ ನಾನು ಹೇಳಲಿಲ್ಲ.
ಕತೀನೂ ಇರಬಹುದು.

ಅವ ಹೋದ ಮ್ಯಾಲೆ ಆ ಪುಟ ದೀಪಕ್ಕ ಹಿಡಿದೆ.
ಮೂಲ್ಯಾಗ ಹಾಳಿ ತಿರುವಿದ ಒಂದು ಕೆಂಪು ಕಲಿ:
ಎಂಟು ಗೆರಿ, ಒಂಬತ್ತನೇದು ಅರ್ಧ.
ಎಣಿಸಿದೆ.

ಹಾವೇರಿಯಿಂದ ಸಾಹೇಬರು ಬಂದಿದ್ರು, ಪುಸ್ತಕ ತಪಾಸಣಾಕ.
"ಇದು ಹೊಲಸಾಗೇತಿ. ರದ್ದಿಗೆ ಹಾಕ್ರಿ."
ಷರಾ ಕಾಲಂನ್ಯಾಗ ನಾನು ಬರದೆ: ಓದಲ್ಪಟ್ಟಿದೆ.
ಅವರು ಕನ್ನಡಕ ಏರಿಸಿ ಓದಿ,
ಏನೋ ಹೇಳಾಕ ಬಾಯಿ ತಗದು
ಸೀನಿದ್ರು. ಒಂದು, ಎರಡು, ಐದು.
"ಕಿಟಕಿ ಮುಚ್ಚರಿ ಮೊದಲ!"
"ಮುಚ್ಚೂದಿಲ್ರಿ ಅದು.
ನಿಮಗ ಅರ್ಜಿ ಕೊಟ್ಟು ಮೂರು ವರ್ಷಾತು."